ಅಪ್ಪ ತೊಳೆದ ಚಿತ್ರ

ನನಗೊಂದು ಕೆಟ್ಟ ಅಭ್ಯಾಸವಿದೆ. ಬಟ್ಟೆ ಅಂಗಡಿಯವನು ಸೀರೆ ಬಿಚ್ಚಿ ಹಾಸಿದರೆ ನಾನು ಮೊದಲು ಸೆರಗು ನೋಡುವುದಿಲ್ಲ. ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಸೀರೆಯ ಒಂದು ಮೂಲೆಯನ್ನು ಉಜ್ಜುತ್ತೇನೆ. ಆಮೇಲೆ ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು, ಬಣ್ಣ ಹತ್ತಿದೆಯೇ ಎಂದು ನೋಡುತ್ತೇನೆ. ಹತ್ತಿದ್ದರೆ ಸೀರೆ ಎಷ್ಟೇ ಚೆಂದವಿರಲಿ, ಎದ್ದು ಬರುತ್ತೇನೆ. ಮೊನ್ನೆ ಯಳಂದೂರಿನ ಪೇಟೆಯಲ್ಲಿಯೂ ಹೀಗೆಯೇ ಆಯಿತು. ತಮ್ಮನ ವರ್ಷದ ಕಾರ್ಯ ಹತ್ತಿರ ಬಂದಿದೆ. ಅವನ ಹೆಂಡತಿಗೊಂದು ಸೀರೆ ತೆಗೆಯಲು ಮಗಳ ಜೊತೆ ಹೋಗಿದ್ದೆ.

“ಎಂಜ್ಲು ಮಾಡ್ಬುಟ್ರಲ್ಲಕ್ಕ, ಇನ್ನು ಬ್ಯಾರೇರು ತಕತಾರಾ ಇದ?” ಎಂದ ಅಂಗಡಿಯವನು.

“ಬಣ್ಣ ಬುಡ್ತದೆ ಕಣಪ್ಪ ಇದು.”

“ಬುಡ್ದೆ ಇರೋ ಬಣ್ಣ ಯಾವ್ದದೆ ಏಳಿ. ಒಂದ್ ಒಗ್ತ ಕೊಟ್ರೆ ಸರಿಯಾಯ್ತದೆ.”

ಮಗಳು ನಾಚಿಕೆಯಿಂದ ನನ್ನ ಮೊಣಕೈ ಹಿಡಿದು ಎಳೆದಳು. ಬೇರೆ ಅಂಗಡಿಗೆ ಹೋದೆವು, ಬೇರೆ ಸೀರೆ ತೆಗೆದೆವು. ಆದರೆ ಅವನು ಹೇಳಿದ ಆ ಒಂದು ಒಗೆತದ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು. ನಮ್ಮ ತವರಿನಲ್ಲಿ ಒಂದು ಚಿತ್ರ ಒಂದು ಒಗೆತದಲ್ಲಿ ಹೋಯಿತು. ಅದನ್ನು ಬರೆದವನು ನನ್ನ ತಮ್ಮ ಮಾದೇವ, ತೊಳೆದವನು ನಮ್ಮ ಅಪ್ಪ. ಆ ಚಿತ್ರ ಮತ್ತೊಮ್ಮೆ ಆಗಬೇಕೆಂದು ಇಬ್ಬರಿಗೂ ಎಷ್ಟು ಆಸೆಯಿತ್ತೆಂದು ನಡುವೆ ಓಡಾಡುತ್ತಿದ್ದ ನನಗೆ ಗೊತ್ತು. ಈಗ ಇಬ್ಬರೂ ಇಲ್ಲ.

ಅಪ್ಪನಿಗೆ ಕೊಳ್ಳೇಗಾಲದಲ್ಲಿ ಬಣ್ಣದ ರಾಚಪ್ಪ ಎಂದೇ ಹೆಸರು. ನೇಯುವವರು ರೇಷ್ಮೆ ನೂಲಿನ ಲಡಿಗಳನ್ನು ತಂದುಕೊಡುತ್ತಿದ್ದರು. ಅಪ್ಪ ಹಿತ್ತಿಲಿನ ತಾಮ್ರದ ಹಂಡೆಗಳಲ್ಲಿ ಬಣ್ಣ ಕುದಿಸಿ, ಲಡಿಗಳನ್ನು ಬಿದಿರುಕೋಲಿಗೆ ತೂಗುಹಾಕಿ, ಅದ್ದಿ, ತಿರುವಿ, ಎತ್ತಿ, ನೋಡಿ, ಮತ್ತೆ ಅದ್ದಿ ಕೊಡುತ್ತಿದ್ದ. ನಮ್ಮ ಮನೆಯಲ್ಲಿ ಬಣ್ಣಗಳ ಹೆಸರು ಮಾವಿನಹಣ್ಣು, ನವಿಲುಗತ್ತು, ಅರಗು ಹೀಗೆ. ಬರಿಯ ಹಳದಿ, ನೀಲಿ, ಕೆಂಪು ಎಂಬ ಬಣ್ಣಗಳೂ ಇವೆಯೆಂದು ನನಗೆ ತಿಳಿದದ್ದು ಶಾಲೆಗೆ ಹೋದ ಮೇಲೆ. ಮೇಷ್ಟರು ಒಮ್ಮೆ ಆಕಾಶದ ಬಣ್ಣ ಯಾವುದೆಂದು ಕೇಳಿದಾಗ, “ಸೋಪಲ್ಲಿ ಬೇಯ್ಸಿದ್ ನೂಲ್ಗೆ ನೀಲಿ ತೋರ್ಸಿದಂಗೆ ಸಾ” ಎಂದು ಹೇಳಿ ಬೆಂಚಿನ ಮೇಲೆ ನಿಂತಿದ್ದೆ. ನನ್ನ ಓದು ಎಂಟನೆಯ ತರಗತಿಗೇ ಮುಗಿದದ್ದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದಿರಬೇಕು.

ಬಣ್ಣದವರ ಮನೆಯಲ್ಲಿ ಬಣ್ಣ ಹಾಕುವುದು ಅರ್ಧ ಕೆಲಸ, ತೊಳೆಯುವುದು ಇನ್ನರ್ಧ. ಹಂಡೆಯಿಂದ ತೆಗೆದ ಲಡಿಯನ್ನು, ಬಣ್ಣ ಹಿಡಿದು ನಿಲ್ಲಲೆಂದು ಪಟಿಕದ ನೀರಿನಲ್ಲಿ ನೆನೆಸಿ, ಹಿತ್ತಿಲಿನಾಚೆಯ ಕಾಲುವೆಗೆ ಒಯ್ದು, ಹರಿಯುವ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಅವ್ವನೂ ನಾನೂ ಕಾಲುವೆಯಲ್ಲಿ ಮೊಣಕಾಲುದ್ದ ನಿಂತಿರುತ್ತಿದ್ದೆವು. ಕೊನೆಗೆ ಅಪ್ಪ ಬಂದು ಒದ್ದೆ ಹೆಬ್ಬೆರಳಲ್ಲಿ ಒಂದು ಎಳೆಯನ್ನು ಉಜ್ಜಿ ನೋಡಿ ತಲೆಯಾಡಿಸಿದರೆ ಮಾತ್ರ ಮೇಲೆ ಬರುವುದು. ಬಣ್ಣ ಬಿಡುವ ನೂಲು ಕೊಟ್ಟವನೆಂದರೆ ನಮ್ಮ ಕೇರಿಯಲ್ಲಿ ಕಳ್ಳನೆಂದ ಹಾಗೆ. ಅಪ್ಪನಿಗೆ ದೆವ್ವದ ಭಯವಿರಲಿಲ್ಲ, ಹಾವಿನ ಭಯವಿರಲಿಲ್ಲ. ಯಾರದೋ ಮದುವೆಯಲ್ಲಿ ಹೆಣ್ಣಿನ ಸೀರೆಯ ಅರಗು ಅಂಚಿಗೆ ಇಳಿದು ಹೋಯಿತಂತೆ ಎಂಬ ಸುದ್ದಿಯ ಭಯವಿತ್ತು.

ಅವನ ಇನ್ನೊಂದು ಗುಣ ಒಪ್ಪದಿರುವುದು. ಎಷ್ಟು ಚೆನ್ನಾಗಿ ಬಂದಿದ್ದರೂ ಇನ್ನೊಂದು ಸಲ ಅದ್ದಬೇಕು. ಪಕ್ಕದ ಮನೆಯ ಪುಟ್ಟಸ್ವಾಮಣ್ಣ ಮಗ್ಗದವನು. ಅವನು ನಮ್ಮ ಹಿತ್ತಿಲ ಬೇಲಿಯ ಮೇಲೆ ಕೈಯೂರಿ ನಿಂತು ಗೋಗರೆಯುತ್ತಿದ್ದ.

“ಅರಗು ಸರ್ಯಾಗದೆ ಕೊಡು ರಾಚಣ್ಣ, ಮಗ್ಗ ಖಾಲಿ ಕುಂತದೆ.”

“ಇನ್ನೊಂದ್ ಕಿತ ಅದ್ತೀನಿ ಇರು.”

“ನೀ ಅದ್ದಿ ಅದ್ದಿ ಕೊಡೋವೊತ್ಗೆ ಮದ್ವೆ ಎಣ್ಗೆ ಮಕ್ಳಾಗೋಗಿರ್ತವೆ ಕಣೋ.”

ಅಪ್ಪ ನಗುತ್ತಿರಲಿಲ್ಲ. ಅದ್ದುತ್ತಿದ್ದ.

ಮಾದೇವ ಕುಂಚ ಹಿಡಿದದ್ದು ಐವತ್ತಾರರಲ್ಲಿ. ಆ ವರ್ಷ ನಮ್ಮೂರು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಪೇಟೆಯ ಬೋರ್ಡುಗಳಲ್ಲಿ ಕೊಯಮತ್ತೂರು ಜಿಲ್ಲೆ ಎಂದಿದ್ದ ಕಡೆಯೆಲ್ಲ ಮೈಸೂರು ಜಿಲ್ಲೆ ಎಂದಾಗಬೇಕು, ತಮಿಳು ಇದ್ದ ಕಡೆ ಕನ್ನಡ ಬರಬೇಕು. ಬೋರ್ಡು ಬರೆಯುವವನಿಗೆ ಕೈ ಸಾಲದೆ, ಶಾಲೆ ಬಿಟ್ಟ ಮೇಲೆ ಮಾದೇವನನ್ನು ಕರೆದುಕೊಂಡು ಹೋಗಿ ಅಕ್ಷರದ ಹೊಟ್ಟೆಗೆ ಬಣ್ಣ ತುಂಬಿಸುತ್ತಿದ್ದ. ಹೊಸ ರಾಜ್ಯದಿಂದ ಬೇರೆಯವರಿಗೆ ಏನು ಬಂತೋ, ನಮ್ಮ ಮನೆಗೆ ಒಂದು ಕುಂಚ ಬಂತು. ಮಾದೇವ ಬಣ್ಣ ತುಂಬಿದ್ದ ಒಂದು ಕಾಫಿ ಹೋಟೆಲಿನ ಬೋರ್ಡಿನಲ್ಲಿ ಬಿಸಿಲು ಬಿದ್ದಾಗ ಮೈಸೂರಿನ ಅಡಿಯಿಂದ ಕೊಯಮತ್ತೂರು ಇಣುಕುತ್ತಿತ್ತು. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತು, “ತಳದ್ ಬಣ್ಣ ತೆಗೀದೆ ಮೇಲ್ ಬಣ್ಣ ಅಚ್ಚುದ್ರೆ ಇಂಗೇಯ” ಎಂದು ಹೇಳಿ ಹೋದ. ಮಾದೇವ ಆ ರಾತ್ರಿ ಊಟ ಮಾಡಲಿಲ್ಲ.

ಮುಂದೆ ಹೈಸ್ಕೂಲಿನಲ್ಲಿ ಅವನು ಬರೆದ ಒಂದು ಚಿತ್ರಕ್ಕೆ ಬಹುಮಾನ ಬಂತು. ಸಂಜೆ ಹೊಲದಿಂದ ಹಿಂತಿರುಗುವ ಹೆಂಗಸರ ಚಿತ್ರ, ಆಕಾಶವೆಲ್ಲ ಕೆಂಪು. ಓಡಿಬಂದು ಅಪ್ಪನಿಗೆ ತೋರಿಸಿದ. ಅಪ್ಪ ಕೈ ಒರೆಸಿಕೊಂಡು, ಚಿತ್ರವನ್ನು ಬಿಸಿಲಿಗೆ ಹಿಡಿದು, ಓರೆಮಾಡಿ ನೋಡಿ, “ಈ ಕೆಂಪು ಸರ್ಯಾಗಿ ಬೆಂದಿಲ್ಲ ಕಣ್ಲಾ” ಎಂದ. ನಾವೆಲ್ಲ ನಕ್ಕೆವು. ಮಾದೇವನೂ ನಕ್ಕ. ಆಮೇಲೆ ಅವನು ಅಪ್ಪನಿಗೆ ಯಾವ ಚಿತ್ರವನ್ನೂ ತಾನಾಗಿ ತೋರಿಸಿದ್ದನ್ನು ನಾನು ನೋಡಲಿಲ್ಲ.

ಆದರೂ ಮೈಸೂರಿನ ಚಿತ್ರಶಾಲೆಗೆ ಸೇರುತ್ತೇನೆಂದಾಗ ಅಪ್ಪ ಬೇಡವೆನ್ನಲಿಲ್ಲ. “ಬಣ್ಣದೋರ್ ಮಗ ಬಣ್ಣ ಕಲೀತೀನಿ ಅಂದ್ರೆ ಬ್ಯಾಡ ಅನ್ನಕ್ಕಾದದಾ” ಎಂದು ಅವ್ವನಿಗೆ ಹೇಳಿದ. ಮಗನಿಗೆ ಹೇಳಲಿಲ್ಲ.

ಕೊನೆಯ ವರ್ಷದಲ್ಲಿ ಅವರ ಮೇಷ್ಟರು ಒಂದು ಕೆಲಸ ಕೊಟ್ಟರು. ನಿಮಗೆ ಗೊತ್ತಿರುವ ಜನರ ಗುಣಗಳನ್ನು ಬರೆಯಿರಿ. ಮುಖ ಬರೆಯುವ ಹಾಗಿಲ್ಲ, ಬಣ್ಣವೇ ಹೇಳಬೇಕು, ಬಣ್ಣ ಹಚ್ಚಿದ ರೀತಿಯೇ ಹೇಳಬೇಕು. ಮಾದೇವ ರಜೆಗೆ ಬಂದವನು ಇದನ್ನು ಹೇಳಿದಾಗ ಅವ್ವ, “ಮುಕ ಬರೀದೆ ಇದ್ರೆ ಯಾರ್ದು ಅಂತ ಎಂಗ್ ಗೊತ್ತಾದದು, ಕೆಳಗೆ ಎಸ್ರು ಬರ್ದೀಯಾ?” ಎಂದು ಕೇಳಿದಳು.

“ಗೊತ್ತಾಗ್ದೆ ಇದ್ರೆ ಫೇಲು ಕಣವ್ವ.”

ಆ ದಿನಗಳಲ್ಲಿ ನಾನು ಚೊಚ್ಚಲ ಹೆರಿಗೆಗೆ ಯಳಂದೂರಿನಿಂದ ತವರಿಗೆ ಬಂದಿದ್ದೆ. ಕೆಲಸವಿರಲಿಲ್ಲ. ಅವನ ಪಕ್ಕದಲ್ಲಿ ಕಾಲು ಚಾಚಿ ಕೂತು ನೋಡುವುದೇ ಕೆಲಸ. ಅವನು ಮೊದಲು ಹಿಡಿದದ್ದು ಪುಟ್ಟಸ್ವಾಮಣ್ಣನನ್ನು, ಅಂದರೆ ಅವನ ಬಾಯನ್ನು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಕಿತ್ತಳೆ ಬಣ್ಣದಲ್ಲಿ ಅದ್ದಿ, ಬೆರಳಿಂದ ಮೀಟಿ, ಕಾಗದದ ತುಂಬ ಸಿಡಿಸಿದ. ಸಿಡಿದ ಬಣ್ಣ ಗೋಡೆಗೂ ನನ್ನ ಸೆರಗಿಗೂ ಆಯಿತು. ಪುಟ್ಟಸ್ವಾಮಣ್ಣ ನೋಡಿ, “ಇದ್ಯಾರ ಮನೇಲಿ ಮೆಣಸಿನ್ಕಾಯ್ ಪುಡಿ ಚೆಲ್ದ್ರು?” ಎಂದ. ಅದು ನೀನೇ ಎಂದರೆ ಅವನಿಗೆ ಬೇಜಾರಾಗಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆತಂದು ತೋರಿಸಿದ.

ಅವ್ವನದು ಮಿಗಿಸುವ ಗುಣ. ಅದಕ್ಕೆ ಬಣ್ಣವೇ ಹಚ್ಚಲಿಲ್ಲ. ಹಿತ್ತಿಲಲ್ಲಿ ಬಿದ್ದಿದ್ದ ಬಣ್ಣ ಬಣ್ಣದ ತುಂಡು ನೂಲುಗಳನ್ನು ಆರಿಸಿ ಸಾಲಾಗಿ ಅಂಟಿಸಿದ. ಬಹಳ ಚೆಂದವಾಗಿತ್ತು. ಅವ್ವ ಅದನ್ನು ನೋಡಿ, “ಇಷ್ಟುದ್ದದ್ ಎಳೆಯೆಲ್ಲ ದಂಡ ಮಾಡ್ಬುಟ್ಟಾ” ಎಂದು ಎರಡೆಳೆ ಕಿತ್ತುಕೊಂಡು ನನ್ನ ರವಿಕೆಯ ಗುಂಡಿ ಹೊಲಿದಳು. ಮಾದೇವ ತಡೆಯಲಿಲ್ಲ. “ಈಗ್ ಸರ್ಯಾಯ್ತು” ಎಂದ.

ನನ್ನದನ್ನು ನೋಡಲು ನಾನು ಕಾದು ಕೂತಿದ್ದೆ. ನನಗೆ ಗುಲಾಬಿ ಬಣ್ಣ ಇಷ್ಟ. ಅವನು ತೆಳು ಹಳದಿ ಹಚ್ಚಿ, ಒಣಗುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿದ. ಕೊನೆಗೆ ಉಳಿದದ್ದು ಯಾರೋ ಏನೋ ಹೇಳಲು ಬಂದು ಹಿಂತಿರುಗಿದ ಹಾಗಿನ ಒಂದು ಕಲೆ.

“ಇದೇನ್ಲಾ ಇದು?”

“ನಿನ್ನ ಅನುಮಾನ. ಊ ಅಂತೀಯ, ಆಮೇಲೆ ಊಹೂಂ ಅಂತೀಯ. ಭಾವ ಕಾಫೀಗ್ ಸಕ್ರೆ ಆಕ್ಲಾ ಅಂದ್ರೂ ಯೋಚ್ನೆ ಮಾಡ್ತೀಯ.”

ಒಂದು ದಿನ ಅವನ ಜೊತೆ ಮಾತು ಬಿಟ್ಟೆ. ಬಿಡಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿಯೇ ಬಿಟ್ಟದ್ದು.

ಅಪ್ಪನ ಚಿತ್ರವನ್ನು ಅವನು ಕೊನೆಗೆ ಉಳಿಸಿಕೊಂಡ. ಯುಗಾದಿಯ ರಜೆಯಲ್ಲಿ ಅದನ್ನು ಬರೆಯಲೆಂದೇ ಮತ್ತೆ ಬಂದ. ಅಷ್ಟರಲ್ಲಿ ನನಗೆ ಮಗಳು ಹುಟ್ಟಿ ನಾನು ಬಾಣಂತಿಕೋಣೆಯಲ್ಲಿದ್ದೆ. ಕೋಣೆಗೆ ಹಿತ್ತಿಲ ಕಡೆ ಒಂದು ಸಣ್ಣ ಕಿಟಕಿ. ಅವನು ಪ್ರತಿದಿನ ಚಿತ್ರವನ್ನು ತಂದು ಕಿಟಕಿಯಿಂದ ನನಗೆ ತೋರಿಸುತ್ತಿದ್ದ. ದಪ್ಪ ಕಾಗದದ ಮೇಲೆ ಒಂದೇ ಬಣ್ಣ, ಅರಗು. ನೀರಿನಂತೆ ತೆಳ್ಳಗೆ ಹಚ್ಚುವುದು, ಒಣಗಲು ಬಿಡುವುದು, ಅದರ ಮೇಲೆ ಮತ್ತೆ ಹಚ್ಚುವುದು. ಮೊದಮೊದಲು ವೀಳ್ಯ ಹಾಕಿದ ತುಟಿಯ ಹಾಗಿದ್ದದ್ದು ದಿನದಿಂದ ದಿನಕ್ಕೆ ಇಳಿಯುತ್ತ ಕತ್ತಲಾಗುತ್ತ ಹೋಯಿತು. ನಡುವೆ ಒಂದು ಕಡೆ ಮಾತ್ರ, ಮುಚ್ಚಿದ ಬಾಗಿಲ ಸಂದಿಯಂತೆ, ಮೊದಲ ತೆಳು ಬಣ್ಣವನ್ನು ಹಾಗೆಯೇ ಬಿಟ್ಟಿದ್ದ. ಆ ಸಂದಿಯನ್ನು ನೋಡಿದರೆ ಒಳಗೆ ಯಾರೋ ದೀಪ ಹಚ್ಚಿಟ್ಟು ಬಾಗಿಲು ತೆರೆಯುತ್ತಿಲ್ಲವೇನೋ ಎನ್ನಿಸುತ್ತಿತ್ತು.

“ಅಪ್ಪಂದು ಅಂತ ಗೊತ್ತಾಯ್ತದಾ?” ಎಂದು ಕೇಳಿದ.

ಗೊತ್ತಾಗುತ್ತಿತ್ತು. ನನಗೆ ಭಯವೂ ಆಯಿತು. “ಅಪ್ಪನ್ಗೆ ತೋರಿಸ್ಬ್ಯಾಡ” ಎಂದೆ.

“ನಾ ಯಾಕ್ ತೋರಿಸ್ಲಿ” ಎಂದ.

ಮೈಸೂರಿಗೆ ಹೊರಡುವ ಹಿಂದಿನ ದಿನ ಅವನು ಚಿತ್ರವನ್ನು ಹಿತ್ತಿಲ ಚಪ್ಪರದಡಿ ಹಲಗೆಯ ಮೇಲೆ ಒಣಗಲು ಇಟ್ಟು, ಕ್ಷೌರಕ್ಕೆಂದು ಪೇಟೆಗೆ ಹೋದ. ಅವ್ವ ಕಾಲುವೆಯಲ್ಲಿದ್ದಳು. ಕಿಟಕಿಯಿಂದ ನನಗೆ ಅಪ್ಪನ ಬೆನ್ನು ಕಾಣುತ್ತಿತ್ತು. ಅವನು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಮಗುವಿಗೆ ಹಾಲು ಕುಡಿಸಿ ಮಲಗಿಸುವವರೆಗೂ ಹಾಗೆಯೇ ಕೂತಿದ್ದ. ಆಮೇಲೆ ಕಿಟಕಿಯ ಹತ್ತಿರ ಬಂದು, “ಪಟಿಕದ್ ಕುಡ್ಕೆ ಎಲ್ಲಿಟ್ಟವ್ಳೆ ನಿಮ್ಮವ್ವ?” ಎಂದು ಕೇಳಿದ. ನೂಲಿಗೆಂದುಕೊಂಡೆ. ಒಲೆಯ ಗೂಡಿನಲ್ಲಿದೆ ಎಂದೆ.

ಆಮೇಲೆ ನಡೆದದ್ದನ್ನು ಅಪ್ಪನೇ ಹೇಳಿದ. ಅವನು ಒದ್ದೆ ಹೆಬ್ಬೆರಳಿಂದ ಚಿತ್ರದ ಮೂಲೆಯನ್ನು ಉಜ್ಜಿ ನೋಡಿದ್ದಾನೆ. ಬೆರಳ ತುಂಬ ಅರಗು ಬಂದಿದೆ. ನಾಳೆ ಇದನ್ನು ಹಿಡಿದುಕೊಂಡು ಮಗ ಬಸ್ಸಿನಲ್ಲಿ ಹೋಗಬೇಕು. ಯಾರದೋ ಬೆವರು ತಾಗಿದರೆ ಹೋಯಿತು. ಮೈಸೂರಿನ ಮೇಷ್ಟರು ಮುಟ್ಟಿ ನೋಡಿ, ಬಣ್ಣದ ರಾಚಪ್ಪನ ಮಗನ ಬಣ್ಣ ಬಿಡುತ್ತದೆ ಎಂದರೆ ಹೇಗೆ? ಅವನಿಗೆ ತಿಳಿದದ್ದು ಒಂದೇ ದಾರಿ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ಪಟಿಕದ ನೀರು ಮಾಡಿ, ಕಾಗದವನ್ನು ಎರಡೂ ಕೈಯಲ್ಲಿ ಕೂಸನ್ನು ಇಳಿಸುವ ಹಾಗೆ ಇಳಿಸಿದ್ದಾನೆ.

ಮಾದೇವ ಬಂದಾಗ ಅಪ್ಪ ಬೋಗುಣಿಯ ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದ. ಕಾಗದ ಬಿಳಚಿಕೊಂಡಿತ್ತು. ಬೋಗುಣಿಯ ನೀರು ಮಾತ್ರ ಒಳ್ಳೆಯ ಅರಗಾಗಿತ್ತು.

“ಒಂದ್ ಒಗ್ತ ಕೊಟ್ರೆ ನಿಂತ್ಕತದೆ ಅಂದ್ಕಂಡೆ ಕಣ್ಲಾ,” ಎಂದ ಅಪ್ಪ. “ನಿಲ್ನಿಲ್ಲ.”

ಮಾದೇವ ಬೋಗುಣಿಯೊಳಗೆ ನೋಡಿದ. “ಅದು ನಿಲ್ಲೋ ಬಣ್ಣ ಅಲ್ಲ ಕಣಪ್ಪ” ಎಂದ.

“ನಿಲ್ದೆ ಇರೋ ಬಣ್ಣ ಏತಕ್ಲಾ ಅಚ್ಚೀರಿ?”

ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ನನ್ನ ಕಿವಿಗೆ ಹಾಗೆಯೇ ಕೇಳಿಸಿತು. ಮಾದೇವನ ಕಿವಿಗೆ ಬೇರೆ ಹೇಗೋ ಕೇಳಿಸಿರಬೇಕು. ಅವನು ಒಳಗೆ ಹೋಗಿ ಉಳಿದ ಚಿತ್ರಗಳನ್ನು ಕಟ್ಟಿಕೊಂಡ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದ.

ಮೈಸೂರಿನಲ್ಲಿ ಮೇಷ್ಟರು ಉಳಿದವನ್ನು ನೋಡಿ ಚೆನ್ನಾಗಿವೆ ಎಂದರಂತೆ. ಆದರೆ ಅಪ್ಪನದು ಎಂದು ಹೇಳಿದ್ದೆಯಲ್ಲ, ಅದೆಲ್ಲಿ, ಅದೇ ಮುಖ್ಯ, ಅದಿಲ್ಲದೆ ಸಾಲು ಪೂರ್ತಿಯಾಗುವುದಿಲ್ಲ, ಬರೆದು ಮುಂದಿನ ವರ್ಷ ಪರೀಕ್ಷೆಗೆ ತಾ ಎಂದರಂತೆ. ತಪ್ಪು ಅವರದೂ ಅಲ್ಲ. ಮಾದೇವ ಮುಂದಿನ ವರ್ಷ ಹೋಗಲಿಲ್ಲ. ಹೋಗು ಎಂದು ನಾನು ಎಷ್ಟು ಹೇಳಿದರೂ, “ಎಲ್ರ ಗುಣನೂ ಅದೆ, ಅಪ್ಪಂದೇ ಇಲ್ಲ ಅಂದ್ರೆ ಅದು ನಮ್ಮನೆ ಎಂಗಾದದಕ್ಕ?” ಎಂದ. ಬರೆ ಎಂದರೆ, “ಅಪ್ಪ ಕೇಳ್ಲಿ, ಬರೀತೀನಿ” ಎಂದ. ಅಪ್ಪ ಕೇಳುವವನಲ್ಲವೆಂದು ಅವನಿಗೂ ಗೊತ್ತಿತ್ತು.

ಮೊದಲೇ ಪಾಸು ಮಾಡಿದ್ದ ಡ್ರಾಯಿಂಗ್ ಪರೀಕ್ಷೆಯ ಮೇಲೆ ಅವನಿಗೆ ಹನೂರಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರ ಕೆಲಸ ಸಿಕ್ಕಿತು. ಹೂಕುಂಡ, ಮಾವಿನಕಾಯಿ, ಭಾರತದ ನಕ್ಷೆ. ಉಳಿದ ಮೇಷ್ಟರು ರಜ ಹಾಕಿದರೆ ಆ ಕ್ಲಾಸುಗಳೂ ಇವನಿಗೆ. ಊರ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಬರೆದವನೂ ಇವನೇ. ಆಗ ಅವನಿಗಿನ್ನೂ ಮದುವೆಯಾಗಿರಲಿಲ್ಲ, ಹುಡುಗರು ನಗುತ್ತಿದ್ದರಂತೆ. ತಾನೇ ಹೇಳಿಕೊಂಡು ನಗುತ್ತಿದ್ದ. ಹಬ್ಬಕ್ಕೆ ಕೊಳ್ಳೇಗಾಲಕ್ಕೆ ಬರುತ್ತಿದ್ದ. ಅಪ್ಪನೂ ಅವನೂ ಮಳೆ, ಬಸ್ಸು, ನೂಲಿನ ದರ, ನನ್ನ ಮಗಳ ಹಲ್ಲು, ಎಲ್ಲದರ ಬಗ್ಗೆ ಮಾತಾಡುತ್ತಿದ್ದರು. ಯಾರಾದರೂ ಹೊರಗಿನವರು ನೋಡಿದರೆ ಎಂಥ ಅನ್ಯೋನ್ಯ ಎನ್ನಬೇಕು. ಆ ಬೋಗುಣಿಯನ್ನು ಅವ್ವ ಅಟ್ಟಕ್ಕೆ ಹಾಕಿದ್ದಳು.

ಒಂದು ಗೌರಿಹಬ್ಬಕ್ಕೆ ತವರಿಗೆ ಬಂದ ನಾನು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟೆ. ಲಡಿ ಒಣಗಿಸುವ ಹಗ್ಗದ ಮೇಲೆ ಲಡಿಗಳ ಪಕ್ಕದಲ್ಲಿ ಕಾಗದಗಳು ತೂಗುತ್ತಿದ್ದವು. ಎಲ್ಲದರ ಮೇಲೂ ಬಣ್ಣ ಇಳಿದು ಹೋದ ಗುರುತು. ಅಪ್ಪ ಪೇಟೆಯಿಂದ ಮಕ್ಕಳ ಬಣ್ಣದ ಡಬ್ಬಿ ತಂದಿದ್ದ. ಕಾಗದಕ್ಕೆ ಬಣ್ಣ ಬಳಿಯುವುದು, ಅದಕ್ಕೆ ಹುಣಸೆಹುಳಿ ನೀರೋ ಗಂಜಿಯೋ ಅಂಟೋ ಕುಡಿಸುವುದು, ಒಣಗಿಸುವುದು, ತೊಳೆಯುವುದು. ಬೇಲಿಯ ಮೇಲೆ ಪುಟ್ಟಸ್ವಾಮಣ್ಣ ಯಥಾಪ್ರಕಾರ ಕೈಯೂರಿ ನಿಂತಿದ್ದ.

“ಏನ್ ರಾಚಣ್ಣ, ಕಾಗ್ದದ್ ಸೀರೆ ನೇಯ್ಸೀಯಾ? ಉಟ್ಕಂಡೋಳು ಮಳೇಲಿ ನೆಂದ್ರೆ ಏನ್ ಗತಿ?”

“ನೆಂದ್ರೂ ಓಗ್ಬಾರ್ದು. ಅದ್ನೇ ನೋಡ್ತಾ ಇವ್ನಿ.”

ಅವ್ವ ಒಳಗಿನಿಂದ, “ಮಗೀಗೆ ಅಂತ ತಗ್ಸಿಟ್ಟ ಆಲ್ನೂ ಕಾಗ್ದಕ್ಕೆ ಕುಡಿಸ್ತಾ ಕುಂತವ್ರೆ ನಿಮ್ಮಪ್ಪ. ನೀನಾರ ಏಳು” ಎಂದಳು.

ಆ ಹಾಲೇ ಕೊನೆಗೆ ಕೆಲಸ ಮಾಡಿತು. ಕೆನೆ ತೆಗೆದ ತೆಳು ಹಾಲನ್ನು ಬಣ್ಣದ ಮೇಲೆ ಮೆಲ್ಲಗೆ ಚಿಮುಕಿಸಿ, ಒಣಗಿಸಿ, ಅದರ ಮೇಲೆ ಪಟಿಕದ ನೀರು ಚಿಮುಕಿಸಿದರೆ ಬಣ್ಣ ಕದಲುತ್ತಿರಲಿಲ್ಲ. ಅದು ತಿಳಿದ ದಿನ ಅಪ್ಪ ಯಾರಿಗೂ ಹೇಳದೆ ಒಂದು ಕಾಗದವನ್ನು ಸುರುಳಿ ಸುತ್ತಿ ಟವೆಲಿನಲ್ಲಿ ಕಟ್ಟಿಕೊಂಡು, ಹನೂರಿನ ಮೇಲೆ ಹೋಗುವ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದ. ಬಸ್ಸಿನ ತುಂಬ ಹರಕೆಯವರು. “ಮುಡಿ ಕೊಡಕ್ಕಾ ಯಜಮಾನ್ರೆ?” ಎಂದು ಯಾರೋ ಕೇಳಿದರಂತೆ. “ಊಂ, ಅನೂರ್ಗೆ” ಎಂದನಂತೆ ಅಪ್ಪ. ಇದನ್ನು ಮಾತ್ರ ಅವನೇ ಮನೆಗೆ ಬಂದು ಹೇಳಿದ್ದ. ಶಾಲೆಯಲ್ಲಿ ಏನಾಯಿತೆಂದು ಮಾದೇವ ಹೇಳಿದ.

ಅವನು ಕ್ಲಾಸಿನಲ್ಲಿದ್ದಾಗ ಬಾಗಿಲಲ್ಲಿ ಅಪ್ಪ. ಮೊಣಕೈವರೆಗೂ ನೇರಳೆ, ಉಗುರೆಲ್ಲ ಹಸಿರು. ಹುಡುಗರು ಕಿಸಕ್ಕೆಂದರು. ಗಂಟೆ ಹೊಡೆಯುವವರೆಗೂ ಇರಪ್ಪ ಎಂದರೆ ಅಪ್ಪ ಕಾಯಲಿಲ್ಲ. ನೇರ ಒಳಗೆ ಬಂದು, ಮೇಜಿನ ಮೇಲೆ ಕಾಗದ ಬಿಡಿಸಿ, ಕುಡಿಯುವ ನೀರಿನ ಮಡಕೆಯಿಂದ ಒಂದು ಲೋಟ ತಂದು, ಮಕ್ಕಳೆಲ್ಲ ನೋಡುತ್ತಿದ್ದಂತೆ ಅದರ ಮೇಲೆ ಹುಯ್ದ. ನೀರು ಮೇಜಿನಿಂದ ಇಳಿದು ಮಾದೇವನ ಹಾಜರಿ ಪುಸ್ತಕದ ಮೇಲೆ ಹರಿಯಿತು. ಬಣ್ಣ ಇದ್ದಲ್ಲಿಯೇ ಇತ್ತು.

“ನೋಡು,” ಎಂದ ಅಪ್ಪ. “ಈಗ್ ಬರಿ.”

ಅಪ್ಪ ಕೇಳಿದ್ದೇ ಹಾಗೆ. ಅದು ಕೇಳಿದ್ದು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ.

“ಬೇಸ್ಗೆ ರಜಕ್ಕೆ ಬತ್ತೀನಿ,” ಎಂದ ಮಾದೇವ. “ಸುಮ್ಕೆ ಕೂತ್ಕಬೇಕು ಮತ್ತೆ. ಅದ್ದುತೀನಿ ಅಂತ ಎದ್ ಓಗಂಗಿಲ್ಲ.”

“ಕೂತ್ಕತೀನಿ.”

ಆ ಬೇಸಿಗೆಯಲ್ಲಿ ನಾನೂ ತವರಿನಲ್ಲಿದ್ದೆ. ಅಪ್ಪ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮದುವೆಗಳಿಗೆ ಹಾಕುವ ಬಿಳಿಯ ಅಂಗಿ ಹಾಕಿಕೊಂಡು, ಚಪ್ಪರದಡಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಹಂಡೆಗಳು ತಣ್ಣಗಿದ್ದವು. ನೂಲು ತಂದವರಿಗೆ ಸಂಜೆ ಬನ್ನಿ ಎನ್ನುತ್ತಿದ್ದ. ಅಂಥ ಮಾತು ಅವನ ಬಾಯಲ್ಲಿ ನಾವು ಕೇಳಿರಲೇ ಇಲ್ಲ. ಪುಟ್ಟಸ್ವಾಮಣ್ಣ ಬೇಲಿಯಿಂದ, “ಏನ್ ರಾಚಣ್ಣ, ವೋಟ್ಗೆ ನಿಂತಿದ್ದೀಯಾ? ಗುರ್ತೇನು, ಅಂಡೇನಾ?” ಎಂದರೆ, “ಮಾತಾಡಿಸ್ಬ್ಯಾಡ ಕಣೋ, ಅಲ್ಲಾಡಂಗಿಲ್ಲ” ಎನ್ನುತ್ತಿದ್ದ.

ಮಾದೇವ ಎದುರಿಗೆ ಹಲಗೆ ಹಿಡಿದು ಕೂರುತ್ತಿದ್ದ. ಕುಂಚ ಅದ್ದುತ್ತಿದ್ದ. ಅಪ್ಪನನ್ನು ನೋಡುತ್ತಿದ್ದ. ಕುಂಚದ ಬಣ್ಣ ಒಣಗುವವರೆಗೂ ನೋಡುತ್ತಿದ್ದ. ಮತ್ತೆ ತೊಳೆದು ಮತ್ತೆ ಅದ್ದುತ್ತಿದ್ದ. ನಾನು ಕಾಫಿ ಕೊಡುವ ನೆಪದಲ್ಲಿ ಹಿಂದೆ ಹೋಗಿ ಇಣುಕಿದರೆ ಕಾಗದ ಖಾಲಿ. ಊಟದ ಹೊತ್ತಿಗೆ ಅಪ್ಪ, “ಆಯ್ತಾ?” ಎನ್ನುತ್ತಿದ್ದ.

“ಇನ್ನೂ ಇಲ್ಲ ಕಣಪ್ಪ.”

“ಸರಿ ಬುಡು. ನಾಳೀಕೆ.”

ರಜೆಯ ಉದ್ದಕ್ಕೂ ಹೀಗೆ. ಅಪ್ಪ ಒಂದು ದಿನವೂ ಕಾಗದ ತೋರಿಸೆನ್ನಲಿಲ್ಲ. ಹೊರಡುವ ದಿನ ಮಾದೇವ ತಲೆ ತಗ್ಗಿಸಿ ಕುಂಚ ತೊಳೆಯುತ್ತಿದ್ದಾಗ ಅಪ್ಪ ಸ್ಟೂಲಿನಿಂದ ಎದ್ದು, ಅಂಗಿಯ ಗುಂಡಿ ಬಿಚ್ಚುತ್ತ, “ಬುಡ್ಲಾ. ನಿನ್ ಮುಂದೆ ಕೂತಿದ್ನಲ್ಲ, ಸಾಕು” ಎಂದು ಹೇಳಿ ಒಲೆ ಹಚ್ಚಲು ಹೋದ. ಮುಂದಿನ ರಜಕ್ಕೆ ಬರೆಯುತ್ತೇನೆಂದು ಮಾದೇವ ಅವನ ಬೆನ್ನಿಗೆ ಹೇಳಿದ. ಅಪ್ಪ ಮುಂದಿನ ರಜದವರೆಗೆ ಇರಲಿಲ್ಲ. ಆ ಮಳೆಗಾಲದಲ್ಲಿ, ಯಾರಿಗೂ ತೊಂದರೆ ಕೊಡದೆ, ಒಂದು ವಾರದ ಜ್ವರದಲ್ಲಿ ಹೋದ.

ಇನ್ನು ಮಾದೇವನ ವಿಷಯ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವನಿಗೆ ಕಾಮಾಲೆಯಾಯಿತು. ಇಳಿಯುತ್ತದೆ ಎಂದರು, ಇಳಿಯಲಿಲ್ಲ. ಹನೂರಿನಿಂದ ಹೆಂಡತಿಯ ಜೊತೆ ನಮ್ಮ ಮನೆಗೆ ಯಳಂದೂರಿಗೆ ಬಂದು ಕೊನೆಯ ದಿನಗಳಲ್ಲಿ ಇಲ್ಲಿಯೇ ಇದ್ದ. ಮಧ್ಯಾಹ್ನ ಜಗಲಿಯ ಮೇಲೆ ಹಾಸಿಗೆ ಹಾಕಿದರೆ ಬಿಳಿಗಿರಿರಂಗನ ಬೆಟ್ಟದ ಕಡೆ ಮುಖ ಮಾಡಿ ಮಲಗುತ್ತಿದ್ದ. ಕಣ್ಣೆಲ್ಲ ಹಳದಿ. “ನನ್ನನ್ನ ಮಾವಿನಣ್ಣು ಅಂಡೇಗೆ ಅದ್ಬುಟ್ಟವ್ರೆ ಕಣಕ್ಕ” ಎಂದು ತಮಾಷೆ ಮಾಡುತ್ತಿದ್ದ. ನಾನು ನಗಬೇಕಿತ್ತು. ನಗುತ್ತಿದ್ದೆ.

ಒಂದು ದಿನ ಅವನ ಹೆಂಡತಿ ಒಳಗೆ ಗಂಜಿ ಮಾಡುತ್ತಿದ್ದಳು. ಇಬ್ಬರೇ ಇದ್ದೆವು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ.

“ಆ ಬೇಸ್ಗೇಲಿ ಯಾಕ್ಲಾ ಬರೀನಿಲ್ಲ? ಅಪ್ಪನ್ ಮೇಲೆ ಇನ್ನೂ ಸಿಟ್ಟಿತ್ತಾ?”

“ಸಿಟ್ಟಿದ್ದಿದ್ರೆ ಬರ್ದ್ಬುಡ್ತಿದ್ದೆ ಕಣಕ್ಕ.” ಅವನು ಬೆಟ್ಟದ ಕಡೆಯಿಂದ ಮುಖ ತಿರುಗಿಸಲಿಲ್ಲ. “ಮೊದ್ಲು ಬರ್ದಿದ್ದೇ ಸಿಟ್ನಲ್ಲಿ. ಏನ್ ಮಾಡುದ್ರೂ ಒಪ್ಪಾಕಿಲ್ವಲ್ಲ ಈ ಮನ್ಸ ಅಂತ, ಒಂದೊಂದ್ ಪದ್ರ ಅಚ್ಚುವಾಗ್ಲೂ ಅಂದ್ಕಂಡು ಅಚ್ಚಿದ್ದೆ. ಅನೂರ್ನಾಗೆ ಐಕ್ಳ ಮುಂದೆ ಆ ಲೋಟದ್ ನೀರ ಉಯ್ದ್ನಲ್ಲ, ಅವತ್ತು ಅದೆಲ್ಲ ಓಯ್ತು. ಆಮೇಲೆ ಅವನ್ನ ಎದ್ರಿಗೆ ಕೂರಿಸ್ಕಂಡು ನೋಡುದ್ರೆ ಅರಗು ಬರಾಕಿಲ್ಲ, ಬ್ಯಾರೆ ಯಾವ್ದೂ ಒಳೆಯಾಕಿಲ್ಲ.”

“ಏನಾರ ಒಂದು ಬರ್ದಿದ್ರೆ ಅವನ್ಗೆ ಸಂತೋಸ ಆಗೋದು.”

“ಏನಾರ ಒಂದ ಎಂಗ್ ಬರೀಲಿ? ಬಿಳೀ ಅಂಗಿ ಆಕ್ಕಂಡ್ ಕೂತಿದ್ದ ಅವನು.”

ನಾನು ಅವನ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ. ಒಳಗೆ ಪಾತ್ರೆಯ ಸದ್ದಾಯಿತು. ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ:

“ಸಾಕು ಅಂದ್ಬುಟ್ಟು ಎದ್ನಲ್ಲ ಅಕ್ಕ ಅವತ್ತು. ಅವನ್ಗೆ ಸಾಕಾಗಿತ್ತು. ನನಗೆ ಸಾಕಾಗ್ನಿಲ್ಲ.”